ಲೆಕ್ಕನ ಓದಬೇಕಾ ಮಿಸ್?

ಮಗ್ಗಿ ಪಟಪಟ ಹೇಳಿದರೂ ವಾಕ್ಯದಲ್ಲಿ ಕೊಟ್ಟ ಲೆಕ್ಕ ಬಂದರೆ ತಡವರಿಸುವ ಮಕ್ಕಳು ಈ ವರ್ಷ ನನ್ನ ಹತ್ತಿರ ಜಾಸ್ತಿ ಬರುತ್ತಿದ್ದಾರೆ, ಅದಕ್ಕೇ ಅಂಥ ಒಬ್ಬ ಹುಡುಗನ ಬಗ್ಗೆ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಹುಡುಗನಿಗೆ 9 ವರ್ಷ, ನಾಲ್ಕನೇ ಕ್ಲಾಸು, ಕನ್ನಡ ಶಾಲೆ. ಗಣಿತದ ಟೆಸ್ಟ್ ಇದ್ದ ದಿನ ಬೆಳಿಗ್ಗೆ ಹೊಟ್ಟೆನೋವು. ಡಾಕ್ಟರು ನೋಡಿ ಏನೂ ಇಲ್ಲ ಅಂದಿದ್ದಾರೆ. ಅಮ್ಮ ದಿನಾ ರಾತ್ರಿ 40 ಲೆಕ್ಕ ಮಾಡಿಸುತ್ತಾರೆ. ಮಗ್ಗಿ 15ರವರೆಗೆ ಪಟಪಟ ಬರುತ್ತದೆ. ಆದರೂ ವಾಕ್ಯದ ಲೆಕ್ಕ ಬಂತೋ, ಮುಗೀತು.

ಎರಡನೇ ಸಲ ಬಂದಾಗ ಹುಣಸೆ ಬೀಜದ ಡಬ್ಬಿ ಮುಂದಿಟ್ಟು ಅವನ ಕೈಗೆ 8 ಬೀಜ ಕೊಟ್ಟೆ. ನನ್ನವನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡೆ. "ನಿನ್ನ ಹತ್ತಿರ 8 ಇದೆ. ಅದು ನನ್ನ ಹತ್ತಿರ ಇರೋದಕ್ಕಿಂತ 3 ಜಾಸ್ತಿ. ನನ್ನ ಹತ್ತಿರ ಎಷ್ಟಿದೆ?"

"11," ಅಂದ, ಯೋಚನೆಯೇ ಮಾಡದೆ.

"ಹೇಗೆ?"

"ಜಾಸ್ತಿ ಅಂತ ಬಂದ್ರೆ ಕೂಡ್ಬೇಕು. ಟ್ಯೂಷನ್ ಮಿಸ್ ಹೇಳಿದ್ದಾರೆ."

"ಸರಿ. ಜಾಸ್ತಿ ಇರೋದು ಯಾರ ಹತ್ತಿರ?"

"ನನ್ನ ಹತ್ತಿರ."

"ನಿನ್ನ ಹತ್ತಿರ 8, ನನ್ನ ಹತ್ತಿರ 11. ಅಲ್ವಾ?"

ಸುಮ್ಮನಾದ. ತನ್ನ ಬೀಜ ನೋಡಿದ, ನನ್ನ ಮುಷ್ಟಿ ನೋಡಿದ, ಮೂರು ಬೀಜ ಪಕ್ಕಕ್ಕೆ ಸರಿಸಿ ಉಳಿದದ್ದನ್ನು ಎಣಿಸಿದ. ಆಮೇಲೆ ಮೆಲ್ಲಗೆ ಕೇಳಿದ: "ಮಿಸ್, ಹಂಗಾದ್ರೆ ಲೆಕ್ಕನ ಓದಬೇಕಾ?"

ನಾನು ಮುಷ್ಟಿ ಬಿಚ್ಚಿದೆ. ಐದೇ ಇತ್ತು. ಆದರೆ ಅವನ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಇಷ್ಟು ವರ್ಷ ಆ ಮಗು ಲೆಕ್ಕ ಓದಿಯೇ ಇರಲಿಲ್ಲ, ಎರಡು ನಂಬರು ಹುಡುಕುವುದು, ಒಂದು ಗುರುತಿನ ಪದ ಹುಡುಕುವುದು, ಕೂಡುವುದೋ ಕಳೆಯುವುದೋ ಮಾಡಿ ಮುಗಿಸುವುದು, ಅಷ್ಟೇ. ಟ್ಯೂಷನ್ ಟೀಚರನ್ನು ಬೈಯುವ ಹಕ್ಕು ನನಗಿಲ್ಲ. 'ಒಟ್ಟು ಅಂದರೆ ಕೂಡು, ಉಳಿದದ್ದು ಅಂದರೆ ಕಳೆ' ಅನ್ನೋ ಪಟ್ಟಿಯನ್ನು ಹತ್ತು ವರ್ಷದ ಹಿಂದೆ ನಾನೇ ಜೆರಾಕ್ಸ್ ಮಾಡಿಸಿ ಅಪ್ಪ ಅಮ್ಮಂದಿರಿಗೆ ಹಂಚಿದ್ದೆ!

ಪದಗಳ ಗೊಂದಲ ಬೇರೆ. ಮನೆಯಲ್ಲಿ 'ಕಳಿ', ಶಾಲೆಯಲ್ಲಿ 'ವ್ಯವಕಲನ', ಟ್ಯೂಷನ್‌ನಲ್ಲಿ 'ಸಬ್‌ಟ್ರಾಕ್ಷನ್', ಅಣ್ಣನ ಬಾಯಲ್ಲಿ 'ಮೈನಸ್'. ನಾಲ್ಕೂ ಒಂದೇ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. 'ಶೇಷ' ಅಂದರೇನು ಅಂತ ಕೇಳಿದೆ. "ವಿಷ್ಣು ಮಲಗ್ತಾನಲ್ಲ, ಆ ಹಾವು." ನಗು ಬಂತು, ತಡೆದುಕೊಂಡೆ. 17 ಬೀಜವನ್ನು ಐದು ಜನಕ್ಕೆ ಸಮ ಹಂಚು ಅಂದೆ. ತಲಾ ಮೂರು ಹಂಚಿ, ಎರಡು ಬೀಜ ಅಂಗೈಯಲ್ಲಿ ಹಿಡಿದು ಏನು ಮಾಡಲಿ ಅನ್ನೋ ಹಾಗೆ ನನ್ನ ಮುಖ ನೋಡಿದ. ಅದೇ ಶೇಷ ಕಣೋ ಅಂದೆ. ಇನ್ನು ಅವನು ಮರೆಯುವುದಿಲ್ಲ.

ಅಮ್ಮನಿಗೆ ಹೇಳಿದ್ದು ಇಷ್ಟು. ಒಂದು ತಿಂಗಳು 40 ಬೇಡ, ದಿನಕ್ಕೆ ಮೂರೇ ಲೆಕ್ಕ. ಮೊದಲು ಅದನ್ನು ಅವನ ಮಾತಲ್ಲಿ ಕಥೆ ಥರ ಹೇಳಲಿ, ಚಿತ್ರ ಬರೆಯಲಿ, ಪೆನ್ಸಿಲ್‌ನಲ್ಲಿ ನಂಬರು ಆಮೇಲೆ. ಒಂದೇ ಸಂಗತಿಯನ್ನು ತಿರುಗಿಸಿ ಹೇಳಿಸಿ: 5ಕ್ಕಿಂತ 8 ಮೂರು ಜಾಸ್ತಿ, 8ಕ್ಕಿಂತ 5 ಮೂರು ಕಡಿಮೆ, ಎರಡರ ವ್ಯತ್ಯಾಸ ಮೂರು. ದೋಸೆ ಹಾಕುವಾಗ ಅಜ್ಜಿಗಿಂತ ಅಪ್ಪ ಎಷ್ಟು ಜಾಸ್ತಿ ತಿಂದರು ಅಂತ ಕೇಳಿ. ವಾರಕ್ಕೊಂದು ದಿನ ಅವನು ಲೆಕ್ಕ ಕಟ್ಟಲಿ, ನೀವು ಬಿಡಿಸಿ.

ಅಪ್ಪನಿಗೆ ಇದು ಹಿಡಿಸಲಿಲ್ಲ. "ನಾವೆಲ್ಲ ಉರು ಹೊಡೆದೇ ಕಲಿತದ್ದು ಮೇಡಂ. ಅಭ್ಯಾಸ ಕಮ್ಮಿ ಮಾಡಿ ಅಂತೀರಲ್ಲ!" ಈ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಮಗ್ಗಿ ಬೇಡ ಅಂತ ನಾನು ಎಲ್ಲೂ ಹೇಳಿಲ್ಲ. ಅದಕ್ಕೆ ದಿನಾ ಹತ್ತು ನಿಮಿಷ ಇರಲೇಬೇಕು. ಏಳೆಂಟಲ ಐವತ್ತಾರು ಅನ್ನೋದು ತಾನಾಗೇ ಬಂದರೆ ತಲೆ ಲೆಕ್ಕದ ಮಾತಿನ ಕಡೆ ಗಮನ ಕೊಡುತ್ತದೆ. ಆದರೆ ಅರ್ಥವಾಗದ್ದನ್ನು 40 ಸಲ ಮಾಡಿದರೆ ಮಗು 40 ಸಲ ಅದೇ ತಪ್ಪನ್ನು ಅಭ್ಯಾಸ ಮಾಡುತ್ತದೆ, ಜೊತೆಗೆ ಹೊಟ್ಟೆನೋವನ್ನೂ. ನಮ್ಮ ಹಳೇ ಮೇಷ್ಟರುಗಳು ಕಾಲು, ಅರೆ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು ನಿಜ, ಆದರೆ ಆಗ ಮಕ್ಕಳ ಕಣ್ಣೆದುರಿಗೇ ಸಂತೆ ಇತ್ತು, ಪಾವು ಸೇರಿನ ಅಳತೆ ಇತ್ತು. ಈಗ ಅಂಗಡಿಗೂ ಮಗು ಹೋಗುವುದಿಲ್ಲ, ಹೋದರೂ ಚಿಲ್ಲರೆ ಎಣಿಸುವ ಹಾಗಿಲ್ಲ, ಫೋನಿನಲ್ಲೇ ದುಡ್ಡು ಹೋಗುತ್ತದೆ.

ಆರು ವಾರದ ಮೇಲೆ ಬಂದರು. ಅಂಕ ಭಾರೀ ಏನೂ ಏರಿಲ್ಲ. ಹೊಟ್ಟೆನೋವು ಒಮ್ಮೆ ಬಂದಿತ್ತಂತೆ. ಅಮ್ಮ ಚೀಲದಿಂದ ನೋಟ್‌ಬುಕ್ ತೆಗೆದು, ಮಗ ತನಗೆ ಕಟ್ಟಿಕೊಟ್ಟ ಲೆಕ್ಕ ತೋರಿಸಿದರು. ತಾನು ಮೊದಲು ತಪ್ಪು ಮಾಡಿದೆ ಅಂತ ನಗುತ್ತಾ ಹೇಳಿದರು. ಓರೆ ಅಕ್ಷರದಲ್ಲಿ ಹೀಗಿತ್ತು:

'ಅಮ್ಮ ಈಗ ದಿನಾ 3 ಲೆಕ್ಕ ಕೊಡುತ್ತಾಳೆ. ಅದು ಮೊದಲು ಕೊಡುತ್ತಿದ್ದದ್ದಕ್ಕಿಂತ 37 ಕಡಿಮೆ. ಮೊದಲು ಎಷ್ಟು ಕೊಡುತ್ತಿದ್ದಳು?'