ನಾಟ್‌ಗೂ ನಾಟಿಕಲ್‌ಗೂ ನೆಂಟಸ್ತಿಕೆ ಇದೆಯಾ?

ಪ್ರಶ್ನೆ: ಚಂಡಮಾರುತದ ಸುದ್ದಿಯಲ್ಲಿ ಒಮ್ಮೆ ‘ನಾಟ್’ ಅಂತಾರೆ, ಇನ್ನೊಮ್ಮೆ ‘ನಾಟಿಕಲ್ ಮೈಲಿ’ ಅಂತಾರೆ. ನಾಟ್ ಅನ್ನೋದು ನಾಟಿಕಲ್‌ನ ಮೊಟಕು ರೂಪವೇ ಸಾರ್?
– ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಅಲ್ಲ. ಆದರೆ ಕನ್ನಡದಲ್ಲಿ ಬರೆದಾಗ ಎರಡೂ ಅಣ್ಣತಮ್ಮಂದಿರ ಹಾಗೇ ಕಾಣುತ್ತವೆ, ಅಲ್ವಾ? ನೌಕಾಪಡೆಗೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ದಾವಣಗೆರೆ ಕಡೆಯ ಹುಡುಗನಿಗೆ ಗೊತ್ತಿದ್ದ ನಾಟಿ ಎರಡೇ: ಭತ್ತದ್ದು, ಕೋಳಿಯದ್ದು.

ನಾಟ್ ಅಂದರೆ ಗಂಟು. ಹಗ್ಗಕ್ಕೆ ಹಾಕುತ್ತೇವಲ್ಲ, ಅದೇ. ಇಂಗ್ಲಿಷಿನಲ್ಲಿ ಅದರ ಮುಂದೆ ಬಾಯಿಬಿಡದ ‘ಕೆ’ ಒಂದಿದೆ. ಕನ್ನಡಕ್ಕೆ ಬರುವಾಗ ಅದು ಬಿದ್ದುಹೋಗಿ ಈ ಗೊಂದಲ. ನಾಟಿಕಲ್ ಗ್ರೀಕ್ ಮೂಲದ್ದು, ನಮ್ಮ ‘ನೌಕೆ’ಗೆ ದೂರದ ನೆಂಟ.

ನಾಟಿಕಲ್ ಮೈಲಿ ದೂರದ ಅಳತೆ, 1852 ಮೀಟರ್. ಅಕ್ಷಾಂಶದ ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲು ಹೆಚ್ಚುಕಮ್ಮಿ ಇಷ್ಟು. 1929ರಲ್ಲಿ ಮೊನಾಕೊದಲ್ಲಿ ಸಭೆ ಸೇರಿ ಈ ಲೆಕ್ಕ ಗೊತ್ತುಮಾಡಿದರು. ನಾಟ್ ವೇಗದ ಅಳತೆ: ಗಂಟೆಗೆ ಒಂದು ನಾಟಿಕಲ್ ಮೈಲಿ.

ವೇಗಕ್ಕೂ ಗಂಟಿಗೂ ಏನು ಸಂಬಂಧ? ಹಾಯಿ ಹಡಗಿನವರು ಮರದ ಹಲಗೆಗೆ ಹಗ್ಗ ಕಟ್ಟಿ ಹಿಂಬದಿಯಿಂದ ನೀರಿಗೆ ಬಿಡುತ್ತಿದ್ದರು. ಹಲಗೆ ಅಲ್ಲೇ ನಿಲ್ಲುತ್ತದೆ. ಹಡಗು ಮುಂದೆ ಹೋದಂತೆ ಹಗ್ಗ ಬಿಚ್ಚಿಕೊಳ್ಳುತ್ತದೆ. ಹಗ್ಗದಲ್ಲಿ 47 ಅಡಿ 3 ಇಂಚಿಗೊಂದು ಗಂಟು. 28 ಸೆಕೆಂಡಿನ ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಕೈಯಿಂದ ಎಷ್ಟು ಗಂಟು ಜಾರಿದವೋ ಅಷ್ಟು ನಾಟ್.

ಕಳೆದ ಭಾನುವಾರ ಇದನ್ನು ಕುಂದವಾಡ ಕೆರೆ ಏರಿ ಮೇಲೆ ಮಾಡಿಯೇ ನೋಡಿದೆ. ಸುತಲಿಗೆ ಅಳೆದು ಗಂಟು ಹಾಕಿ, ತುದಿಯನ್ನು ಮೊಮ್ಮಗನ ಸೊಂಟಕ್ಕೆ ಕಟ್ಟಿ, ‘ಬಿರಬಿರನೆ ನಡಿಯಪ್ಪಾ’ ಅಂದೆ. ಉಂಡೆ ನನ್ನ ಕೈಲಿ, ಮೊಬೈಲ್ ನನ್ನಾಕೆ ಕೈಲಿ. 28 ಸೆಕೆಂಡಿಗೆ ಮೂರು ಗಂಟು ಜಾರಿದವು. ಅಂದರೆ ಅವನ ವೇಗ 3 ನಾಟ್, ಗಂಟೆಗೆ ಐದೂವರೆ ಕಿಲೋಮೀಟರ್. ವಾಕಿಂಗ್ ಬಂದವರೊಬ್ಬರು ‘ಹುಡುಗನ್ನ ಯಾಕ್ರೀ ಹಗ್ಗ ಹಾಕಿ ಹಿಡಿದೀರಿ?’ ಅಂದರು.

ಇನ್ನೊಂದು ಮಾತು. ‘ಗಾಳಿ ಗಂಟೆಗೆ 40 ನಾಟ್’ ಅಂತ ಓದುತ್ತಾರಲ್ಲ, ಅದು ತಪ್ಪು. ಗಂಟೆ ಆ ಗಂಟಿನೊಳಗೇ ಇದೆ. ‘40 ನಾಟ್’ ಅಂದರೆ ಸಾಕು, ಸುಮಾರು 74 ಕಿಲೋಮೀಟರ್ ವೇಗ. ದಾವಣಗೆರೆಯಿಂದ ಹರಿಹರಕ್ಕೆ ಏಳೂವರೆ ನಾಟಿಕಲ್ ಮೈಲಿ ಅನ್ನಿ, ಒಪ್ಪುತ್ತೇನೆ. ಏಳೂವರೆ ನಾಟ್ ದೂರ ಅಂದರೆ ಮಾತ್ರ ಜಗಳವೇ.