“ಈ ಸಾಲ ಯಾರ ಹೆಸರಿಗ್ರೀ?”

ಸಿಂಧನೂರು ಕಡೆಯ ಹುಡುಗಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಸಿಇಟಿ ಬರೆದು, ಕಲ್ಯಾಣ ಕರ್ನಾಟಕದವರಿಗಿರುವ 371ಜೆ ಮೀಸಲಾತಿಯಲ್ಲಿ ಬಳ್ಳಾರಿಯ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಸೀಟು ಪಡೆದಿದ್ದಳು. ತಂದೆಗೆ ಕಾಲುವೆಯ ಕೆಳಭಾಗದಲ್ಲಿ ಮೂರೆಕರೆ ಭತ್ತದ ಗದ್ದೆ. ಸೀಟು ಸಿಕ್ಕಾಗಿನಿಂದ ಹುಡುಗಿಗೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಎಂದು ಸಲಹೆಗಾರ್ತಿಯಾದ ನನ್ನಲ್ಲಿಗೆ ಚಿಕ್ಕಮ್ಮ ಕರೆತಂದರು. ಕಾಲೇಜು ಶುರುವಾಗುವ ತಿಂಗಳುಗಳಲ್ಲಿ ರಾಯಚೂರು, ಕೊಪ್ಪಳ ಎರಡೂ ಕಡೆಯಿಂದ ಇಂಥ ಮಕ್ಕಳು ಬರುತ್ತಾರೆ. ಈ ಪ್ರಕರಣ ಬರೆಯಲು ಅದೇ ಕಾರಣ.

ಎರಡನೇ ಭೇಟಿಗೆ ತಂದೆಯೂ ಬಂದರು. ಪ್ರವೇಶದ ದಿನ ಕಟ್ಟಲು 60,000 ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ತಂದಿದ್ದರು. ಉಳಿದದ್ದಕ್ಕೆ ಬ್ಯಾಂಕಿನ ಶಿಕ್ಷಣ ಸಾಲ. ಅರ್ಜಿ ತುಂಬಿಕೊಡುವವನೊಬ್ಬ “ಏಳೂವರೆ ಲಕ್ಷಕ್ಕೆ ಹಾಕ್ರಿ” ಎಂದಿದ್ದ. ಅಷ್ಟು ಯಾಕೆ ಬೇಕು ಎಂದು ಕೇಳಿದೆ.

“ಸರಕಾರದ ಸಾಲ ಅಲ್ರೀ ಮೇಡಂ, ಇವತ್ತಲ್ಲ ನಾಳೆ ಮನ್ನಾ ಆಗ್ತೈತಿ. ಬರೋದು ಬರ್ಲಿ ಅಂತ.”

ಅವರನ್ನು ದೂರುವಂತಿಲ್ಲ. 2017ರಲ್ಲಿ ಸಹಕಾರ ಸಂಘಗಳ ಬೆಳೆಸಾಲದಲ್ಲಿ 50,000ದವರೆಗೆ ಮನ್ನಾ ಆಗಿತ್ತು, 2018ರಲ್ಲಿ ಮತ್ತೊಮ್ಮೆ ಘೋಷಣೆಯಾಯಿತು. ಸರಕಾರ ಮತ್ತು ಸಾಲ ಎಂಬ ಎರಡು ಮಾತು ಒಟ್ಟಿಗೆ ಕಿವಿಗೆ ಬಿದ್ದರೆ ರೈತನಿಗೆ ಮೂರನೆಯದಾಗಿ ನೆನಪಾಗುವುದು ಮನ್ನಾ. ಆದರೆ ಶಿಕ್ಷಣ ಸಾಲ ಕೊಡುವುದು ಬ್ಯಾಂಕು. ಸರಕಾರ ಕೊಡುವುದು ಒಂದು ಅವಧಿಯ ಬಡ್ಡಿಯನ್ನು ಮಾತ್ರ. ಅಸಲಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ.

ಇದನ್ನು ಹೇಳುತ್ತಿದ್ದಾಗ ಅಷ್ಟು ಹೊತ್ತು ಸುಮ್ಮನಿದ್ದ ಹುಡುಗಿ ಕೇಳಿದಳು: “ಮೇಡಂ, ಈ ಸಾಲ ಯಾರ ಹೆಸರಿಗ್ರೀ?”

ನಿನ್ನ ಹೆಸರಿಗೇ ಎಂದೆ. ಸಾಲಗಾರ್ತಿ ನೀನು, ಅಪ್ಪ ಜೊತೆ ಸಾಲಗಾರರು. ತಂದೆ ನೆಲ ನೋಡಿದರು. ಮನೆಯಲ್ಲಿ ಯಾರೂ ಅವಳಿಗೆ ಇದನ್ನು ಹೇಳಿರಲಿಲ್ಲ. ಅಪ್ಪ ತನಗಾಗಿ ಮುಳುಗುತ್ತಿದ್ದಾನೆ ಎಂದಷ್ಟೇ ಅವಳು ತಿಳಿದಿದ್ದಳು.

ಆ ದಿನ ಉಳಿದ ಹೊತ್ತೆಲ್ಲ ಹಾಳೆಯ ಮೇಲೆ ಲೆಕ್ಕ ಹಾಕಿದೆವು. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ, ಬಡ್ಡಿ ಶೇ. 10 ಎಂದು ಹಿಡಿದೆವು. ಓದು ಮುಗಿದು ಇನ್ನೂ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಆ ಐದು ವರ್ಷವೂ ಸರಳ ಬಡ್ಡಿ ಏರುತ್ತಲೇ ಇರುತ್ತದೆ: ಮೊದಲ ಲಕ್ಷಕ್ಕೆ 50,000, ಮುಂದಿನವಕ್ಕೆ 40,000, 30,000, 20,000. ಒಟ್ಟು 1,40,000. ಈ ಐದು ವರ್ಷದ ಬಡ್ಡಿಯನ್ನು ಸರಕಾರ ಕಟ್ಟುವ ಬಡ್ಡಿ ಸಹಾಯಧನ ಸಿಗದಿದ್ದರೆ ಕಂತು ಆರಂಭವಾಗುವುದು 5,40,000ದ ಮೇಲೆ, ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 7,136 ರೂಪಾಯಿ. ಸಿಕ್ಕರೆ ನಾಲ್ಕು ಲಕ್ಷದ ಮೇಲೆ, ಸುಮಾರು 5,286. ಪಕ್ಕದಲ್ಲೇ ಅಪ್ಪ ತಂದ 60,000ದ ಲೆಕ್ಕವನ್ನೂ ಬರೆಸಿದೆ. ತಿಂಗಳಿಗೆ 1,800, ವರ್ಷಕ್ಕೆ 21,600, ಅಸಲು ಹಾಗೇ ಇರುತ್ತದೆ. ಹುಡುಗಿ ಆ ಎರಡು ಸಾಲುಗಳನ್ನು ಬಹಳ ಹೊತ್ತು ನೋಡುತ್ತ ಕುಳಿತಳು.

ಹದಿನೆಂಟರ ಮಗುವಿನ ಮುಂದೆ ಕಂತಿನ ಲೆಕ್ಕ ಇಡುವುದು ಸರಿಯಲ್ಲ, ಅದರಿಂದ ಆತಂಕ ಹೆಚ್ಚುತ್ತದೆ ಎನ್ನುವ ಸಲಹೆಗಾರರಿದ್ದಾರೆ. ನಾನು ಒಪ್ಪುವುದಿಲ್ಲ. ಅವಳ ನಿದ್ದೆ ಕೆಡಿಸಿದ್ದು ಮನೆಯವರು ಪಿಸುಮಾತಿನಲ್ಲಿ ಆಡುತ್ತಿದ್ದ, ಎಷ್ಟೆಂದು ಗೊತ್ತಿಲ್ಲದ ಸಾಲ. ತಿಂಗಳಿಗೆ ಐದು ಸಾವಿರವಾದರೆ ಕೆಲಸ ಸಿಕ್ಕ ಮೇಲೆ ಕಟ್ಟಬಲ್ಲೆನೇ ಎಂದು ಅವಳೇ ಯೋಚಿಸಬಹುದು. ಸಹಿ ಅವಳದಾದ ಮೇಲೆ ಮುಚ್ಚಿಡುವ ಹಕ್ಕು ನಮಗೆ ಯಾರಿಗೂ ಇಲ್ಲ.

ಸಲಹೆ ಕೊಟ್ಟಿದ್ದು ಹೀಗೆ. ಏಳೂವರೆ ಲಕ್ಷ ಬಿಡಿ, ನಾಲ್ಕು ಲಕ್ಷಕ್ಕೆ ಅರ್ಜಿ ಹಾಕಿ. ನಾಲ್ಕು ಲಕ್ಷದವರೆಗೆ ಹೊಲ, ಮನೆ ಏನನ್ನೂ ಅಡವಿಡಬೇಕಿಲ್ಲ, ಕೈಯಿಂದ ಪಾಲು ಹಾಕಬೇಕಿಲ್ಲ. ಅದನ್ನು ದಾಟಿದರೆ ಖರ್ಚಿನ ಶೇ. 5ನ್ನು ನೀವೇ ಹಾಕಬೇಕು. ಹೇಗಿದ್ದರೂ ಬ್ಯಾಂಕು ಶುಲ್ಕದ ಹಣವನ್ನು ನೇರ ಕಾಲೇಜಿಗೆ ಕಳಿಸುತ್ತದೆ, ಮನೆ ಖರ್ಚಿಗೆ ಒದಗುವ ದುಡ್ಡಲ್ಲ ಅದು. ಮಂಜೂರಾದದ್ದನ್ನೆಲ್ಲ ಎತ್ತಲೇಬೇಕೆಂದೂ ಇಲ್ಲ, ಎತ್ತಿದಷ್ಟಕ್ಕೇ ಬಡ್ಡಿ. ಮೊದಲ ವರ್ಷ 25,000 ಕಡಿಮೆ ಎತ್ತಿದರೆ ಐದು ವರ್ಷದಲ್ಲಿ 12,500 ಬಡ್ಡಿ ಉಳಿಯುತ್ತದೆ.

ಆ 25,000 ಎಲ್ಲಿಂದ ಎಂದರೆ, ರೈತರ ಮಕ್ಕಳ ವಿದ್ಯಾರ್ಥಿವೇತನವಾದ ರೈತ ವಿದ್ಯಾನಿಧಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿಗೆ ಆಗ ವರ್ಷಕ್ಕೆ 11,000 ಇತ್ತು. ಹಾಸ್ಟೆಲ್ ಸೀಟು ಸಿಗದ ಅರ್ಹ ಹಿಂದುಳಿದ ವರ್ಗದವರಿಗೆ ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿಯಲ್ಲಿ ಆಗ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಸಿಗುತ್ತಿತ್ತು. ಅರ್ಜಿ ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ, ಜೋಡಣೆ ತಪ್ಪಿದ್ದರೆ ಮಂಜೂರಾದರೂ ಕೈಗೆ ಬರುವುದಿಲ್ಲ. ವಿದ್ಯಾರ್ಥಿವೇತನ ತಡವಾಗಿ ಬರುವುದೇ ಹೆಚ್ಚು, ಆದ್ದರಿಂದ ಅದನ್ನು ನಂಬಿ ಶುಲ್ಕದ ಗಡುವು ಕಳೆದುಕೊಳ್ಳಬೇಡಿ ಎಂದೂ ಹೇಳಿದೆ. ಹಿಂದುಳಿದ ವರ್ಗ, ಅಲ್ಪಸಂಖ್ಯಾತರಂಥವರ ಸರಕಾರಿ ಅಭಿವೃದ್ಧಿ ನಿಗಮಗಳ ‘ಅರಿವು’ ಸಾಲ ಸಿಕ್ಕರೆ ವರ್ಷಕ್ಕೆ ಶೇ. 2 ಬಡ್ಡಿ, ಹಾಗಾಗಿ ಮೊದಲು ಅದನ್ನು ವಿಚಾರಿಸಲು ತಿಳಿಸಿದೆ.

ಕೇಂದ್ರದ ಬಡ್ಡಿ ಸಹಾಯಧನಕ್ಕೆ ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿರಬೇಕು, ಓದುವುದು ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಆಗಿರಬೇಕು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಗುಣಮಟ್ಟದ ಮಾನ್ಯತೆ ಇರಬೇಕು. ಮಾನ್ಯತೆಯ ವಿಷಯ ಕಾಲೇಜಿನವರ ಬಾಯಿಮಾತಿಗೆ ಬಿಡದೆ ನೋಡಿಕೊಳ್ಳಬೇಕು. ನಡುವೆ ಓದು ಬಿಟ್ಟರೆ, ಕಾಯಿಲೆಯಂಥ ಕಾರಣವಿಲ್ಲದಿದ್ದರೆ, ಸಹಾಯಧನ ಹೋಗುತ್ತದೆ. ಹೆಚ್ಚಿನವರು ಎಡವುವುದು ಇನ್ನೂ ಸಣ್ಣ ವಿಷಯದಲ್ಲಿ: ಸಾಲ ಮಂಜೂರಾದರೆ ಸಹಾಯಧನವೂ ತಾನಾಗಿ ಬಂತು ಎಂದುಕೊಳ್ಳುತ್ತಾರೆ. ನಾಡಕಚೇರಿಯ ಆದಾಯ ಪತ್ರವನ್ನು ಬ್ಯಾಂಕಿಗೆ ಕೊಟ್ಟು, ಸಹಾಯಧನಕ್ಕೆ ಹೆಸರು ಸೇರಿದೆಯೇ ಎಂದು ಕೇಳಿ, ಸ್ವೀಕೃತಿ ಪಡೆಯಬೇಕು.

ತಂದೆಯ ಹಳೆಯ ಬೆಳೆಸಾಲದ ಮಾತೂ ಬಂತು. ತೀರಿದೆ ಎಂದರು, ಕಾಗದ ಇರಲಿಲ್ಲ. ಜೊತೆ ಸಾಲಗಾರನ ಸಾಲದ ಚರಿತ್ರೆ ದಾಖಲಿಸುವ ಸಿಬಿಲ್‌ನಲ್ಲಿ ಬಾಕಿ ಕಂಡರೆ ಮಗಳ ಅರ್ಜಿ ಅಲ್ಲೇ ನಿಲ್ಲಬಹುದು. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ವರದಿ ತೆಗೆಸಿ, ಸಾಲ ತೀರಿದೆ ಎಂಬ ಬೇಬಾಕಿ ಪತ್ರ ತಂದ ಮೇಲೇ ಶಿಕ್ಷಣ ಸಾಲದ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸಿದೆ. ಹತ್ತಿರದ ಶಾಖೆಯವರು “ನಿಮ್ಮೂರು ನಮ್ಮ ವ್ಯಾಪ್ತಿಗೆ ಬರಲ್ಲ” ಎಂದು ಹಿಂದಕ್ಕೆ ಕಳಿಸಿದರು. ಆ ಕಾರಣಕ್ಕೆ ಶಿಕ್ಷಣ ಸಾಲದ ಅರ್ಜಿ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ತಿರಸ್ಕಾರವನ್ನು ಬರವಣಿಗೆಯಲ್ಲಿ ಕೇಳಲು ಹುಡುಗಿಗೆ ಹೇಳಿಕೊಟ್ಟೆ, ಕೇಳಿದಳು. ಅರ್ಜಿ ಒಳಗೆ ಹೋಯಿತು.

ನಾಲ್ಕು ಲಕ್ಷ ಮಂಜೂರಾಯಿತು. ಮೊದಲ ವರ್ಷ 80,000 ಎತ್ತಿದ್ದಾಳೆ, ಕಾಗದಪತ್ರದ ಕಡತ ಈಗ ಅವಳ ಬಳಿಯೇ ಇದೆ. ಕೈಯಿಂದ ಕಟ್ಟಿದ ಶುಲ್ಕವನ್ನು ಕೆಲವು ಬ್ಯಾಂಕುಗಳು ರಸೀದಿ ನೋಡಿ ಮರಳಿಸುತ್ತವೆ, ಇವರ ಬ್ಯಾಂಕು ಒಪ್ಪಲಿಲ್ಲ. ಹಾಗಾಗಿ ಆ 60,000 ಇನ್ನೂ ಹಾಗೇ ಇದೆ. ಮುಂಗಾರಿನ ಭತ್ತ ಕೊಯ್ಲಾದ ಕೂಡಲೇ ಮೊದಲು ಅದನ್ನು ಮುಗಿಸುವುದಾಗಿ ತಂದೆ ಮಗಳೆದುರೇ ಒಪ್ಪಿಕೊಂಡಿದ್ದಾರೆ.