ಕೆಲಸಕ್ಕೆ ಅಮೆರಿಕಾಗೆ ಬಂದಿದ್ದೇನೆ. 45 ಸಾವಿರ ಡಾಲರ್ ಒಳಗೆ ವಿ8 (ಎಂಟು ಸಿಲಿಂಡರ್ ಎಂಜಿನ್) ಮಸಲ್ ಕಾರು ಬೇಕು. ಫೋರ್ಡ್ ಮಸ್ಟಂಗ್, ಷೆವರ್ಲೆ ಕಮಾರೋ, ಡಾಡ್ಜ್ ಚಾಲೆಂಜರ್‌ಗಳಲ್ಲಿ ಕೊಟ್ಟ ಕಾಸಿಗೆ ಮೋಸ ಇಲ್ಲದ್ದು ಯಾವುದು?

ಹೊಸದೇ ಬೇಕು ಅಂದರೆ ನಿಮಗೆ ಉಳಿದಿರುವುದು ಮಸ್ಟಂಗ್ ಜಿಟಿ ಒಂದೇ. ಕಮಾರೋ, ಚಾಲೆಂಜರ್ ಎರಡರ ತಯಾರಿಕೆಯೂ 2023ರ ಡಿಸೆಂಬರ್‌ನಲ್ಲಿ ನಿಂತಿತು. ಹಾಗಾಗಿ ಹೊಸ ಜಿಟಿಯನ್ನು ಅವುಗಳ ಸೆಕೆಂಡ್ ಹ್ಯಾಂಡ್ ವಿ8 ಮಾದರಿಗಳಾದ ಕಮಾರೋ ಎಸ್‌ಎಸ್, ಚಾಲೆಂಜರ್ ಸ್ಕ್ಯಾಟ್ ಪ್ಯಾಕ್ ಜೊತೆ ಹೋಲಿಸಿ ನೋಡಬೇಕು.

ಜಿಟಿ 5.0 ಲೀಟರ್, 480 ಎಚ್‌ಪಿ. ಕಮಾರೋ 6.2 ಲೀಟರ್, 455. ಸ್ಕ್ಯಾಟ್ ಪ್ಯಾಕ್ 6.4 ಲೀಟರ್, 485. ಇಷ್ಟೇ ನೋಡಿದರೆ ಕಮಾರೋ ಹಿಂದೆ ಬಿದ್ದ ಹಾಗೆ ಕಾಣುತ್ತದೆ, ಅಲ್ವಾ? ಈಗ ತೂಕ ನೋಡಿ. ಕಮಾರೋ ಸುಮಾರು 1,670 ಕೆಜಿ, ಜಿಟಿ 1,730ರ ಆಸುಪಾಸು, ಚಾಲೆಂಜರ್ 1,900 ದಾಟುತ್ತದೆ. ನೇರ ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಆಟೋಮ್ಯಾಟಿಕ್ ಗೇರ್‌ನಲ್ಲಿ ಮೂರೂ 4 ಸೆಕೆಂಡ್ ಚಿಲ್ಲರೆಯಲ್ಲಿ 60 ಮೈಲಿ ವೇಗ ಮುಟ್ಟುತ್ತವೆ. ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಆ ಕಾಲು ಟನ್ ಏನು ಅಂತ ಗೊತ್ತಾಗುತ್ತದೆ.

ಓಡಿಸುವ ಖುಷಿಗೆ ಕಮಾರೋನೇ ಸೈ. 1ಎಲ್‌ಇ ಪ್ಯಾಕೇಜ್ (ಟ್ರ್ಯಾಕ್‌ಗೆ ತಕ್ಕ ಸಸ್ಪೆನ್ಷನ್, ಬ್ರೇಕ್, ಟೈರ್) ಇರುವ ಗಾಡಿ ಸಿಕ್ಕರೆ ಬಿಡಬೇಡಿ. ಆದರೆ ಒಳಗೆ ಕೂತರೆ ಬಾವಿಯಲ್ಲಿ ಕೂತ ಹಾಗೆ. ಲೇನ್ ಬದಲಿಸಲು ತಿರುಗಿ ನೋಡಿದರೆ ದಪ್ಪ ಕಂಬ ಬಿಟ್ಟು ಏನೂ ಕಾಣುವುದಿಲ್ಲ. ಡಿಕ್ಕಿ ಬಾಯಂತೂ ತೀರಾ ಚಿಕ್ಕದು. ಅಪ್ಪ ಅಮ್ಮ ಊರಿಂದ ತರುವ ದೊಡ್ಡ ಸೂಟ್‌ಕೇಸನ್ನು ಅದರಲ್ಲಿ ತುರುಕುವ ಆಸೆ ಬಿಡಿ. ಅದಕ್ಕೆ ಚಾಲೆಂಜರ್ ಸರಿ. ಐದು ಸೀಟು, ದೊಡ್ಡ ಡಿಕ್ಕಿ, ಹೈವೇಯಲ್ಲಿ ದಿನವಿಡೀ ಓಡಿಸಿದರೂ ಬೆನ್ನು ನೋಯುವುದಿಲ್ಲ.

ನನ್ನ ಓಟು ಜಿಟಿಗೆ. 2024ರಲ್ಲಿ ಈ ಮಾದರಿ ಬಂದಾಗ ಬೆಲೆ 42 ಸಾವಿರ ಚಿಲ್ಲರೆಯಿಂದ ಶುರುವಾಗುತ್ತಿತ್ತು. (ಇಂಡಿಯಾದಲ್ಲಿ 2016ರಲ್ಲಿ ಜಿಟಿ ಬಂದಾಗ 65 ಲಕ್ಷ, ಅದೂ ಪವರ್ ಇಳಿಸಿ 400 ಎಚ್‌ಪಿ ಆಸುಪಾಸಿಗೆ!) ಬಜೆಟ್ ಸ್ವಲ್ಪ ಎಳೆಯಲು ಆದರೆ ಪರ್ಫಾರ್ಮೆನ್ಸ್ ಪ್ಯಾಕ್ ಹಾಕಿಸಿ, ದೊಡ್ಡ ಬ್ರೆಂಬೊ ಬ್ರೇಕ್ ಬರುತ್ತದೆ. ಮಸ್ಟಂಗ್‌ನದೇ ದುಬಾರಿ ಮಾದರಿ ಡಾರ್ಕ್ ಹಾರ್ಸ್ ಕಡೆ ಮಾತ್ರ ನೋಡಬೇಡಿ. 2024ರಲ್ಲೇ ಅದರ ಬೆಲೆ 60 ಸಾವಿರದ ಹತ್ತಿರ ಇತ್ತು, ಸಿಗುವುದು 500 ಎಚ್‌ಪಿ, ಅಂದರೆ ಬರೀ 20 ಜಾಸ್ತಿ. ಉಳಿದ ದುಡ್ಡು ಗೇರ್‌ಬಾಕ್ಸ್, ಸಸ್ಪೆನ್ಷನ್, ಕೂಲಿಂಗ್‌ಗೆ ಹೋಗುತ್ತದೆ. ಟ್ರ್ಯಾಕ್‌ಗೆ ಹೋಗದವರಿಗೆ ಅದು ಸುಮ್ನೆ ದಂಡ.

ಎಲ್ಲ ದುಡ್ಡನ್ನೂ ಕಾರಿಗೇ ಸುರಿಯಬೇಡಿ. ಊರೊಳಗೆ ಲೀಟರಿಗೆ 6 ಕಿ.ಮೀ. ಸಿಕ್ಕರೆ ಹೆಚ್ಚು. ಸಮ್ಮರ್ ಟೈರ್ ಹಾಕಿದ ಗಾಡಿಯಾದರೆ ಚಳಿಗಾಲಕ್ಕೆ ಬೇರೆ ಸೆಟ್ ಬೇಕು. 4 ಡಿಗ್ರಿಗಿಂತ ಕೆಳಗೆ ಆ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಮತ್ತೆ ಇಲ್ಲಿ ಡ್ರೈವಿಂಗ್ ಹಿಸ್ಟರಿ ಇಲ್ಲದ ಹೊಸಬರಿಗೆ ವಿ8 ಇನ್ಶೂರೆನ್ಸ್ ದುಬಾರಿಯೇ ಬೀಳುತ್ತದೆ. ಅಡ್ವಾನ್ಸ್ ಕೊಡುವ ಮುಂಚೆ ಕಾರಿನ ವಿಐಎನ್ (ಗುರುತಿನ ಸಂಖ್ಯೆ) ಕೊಟ್ಟು ಎರಡು ಮೂರು ಕಡೆ ಇನ್ಶೂರೆನ್ಸ್ ಕೋಟ್ ತರಿಸಿಕೊಳ್ಳಿ.